ನಿಂತರೆ ನಿಂತೇಹೋಗುವ ವ್ಯಾನು

ತೊಂಬತ್ತರ ದಶಕದ ನಡುವಿನಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೆ. ನಾವು ಮಾಡುತ್ತಿದ್ದದ್ದು ವಾಲ್ವುಗಳು. ಗಾಳಿಯಾಗಲಿ ನೀರಾಗಲಿ ಚೂರೂ ಸೋರದಂತೆ ತಡೆಯುವುದೇ ನಮ್ಮ ಕಸುಬು ಎಂದು ಗೇಟಿನ ಬೋರ್ಡಿನಲ್ಲೇ ಬರೆದಿತ್ತು. ಅಂಥ ಕಾರ್ಖಾನೆಯ ಸ್ಟಾಫ್ ವ್ಯಾನು ಎಲ್ಲಿ ನಿಂತರೂ ಆಫ್ ಆಗುತ್ತಿತ್ತು.

ಅದು ಪೆಟ್ರೋಲ್ ವ್ಯಾನು, ವಯಸ್ಸಿನಲ್ಲಿ ನನಗಿಂತ ಹಿರಿಯದು. ಇಂಜಿನ್ನು ಮುಂದಿನ ಎರಡು ಸೀಟುಗಳ ನಡುವೆ, ಒಂದು ತಗಡಿನ ಮುಚ್ಚಳದ ಕೆಳಗಿತ್ತು. ಓಡುವಾಗ ತಕರಾರಿಲ್ಲ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಮಾತ್ರ ಗಡಗಡ ನಡುಗಿ, ಕೆಮ್ಮಿ, ಸುಮ್ಮನಾಗಿಬಿಡುತ್ತಿತ್ತು. ಮಾಗಡಿ ಕಡೆಯ ನಮ್ಮ ಡ್ರೈವರಣ್ಣ ಒಂದೇ ಪಾದದಲ್ಲಿ ಬ್ರೇಕನ್ನೂ ಆಕ್ಸಿಲರೇಟರನ್ನೂ ಒಟ್ಟಿಗೆ ಒತ್ತುವ ವಿದ್ಯೆ ಕಲಿತಿದ್ದ. ಅವನ ಪ್ರಕಾರ ವ್ಯಾನಿಗೆ ದೃಷ್ಟಿಯಾಗಿತ್ತು. ಆ ವ್ಯಾನು ನೋಡಿ ಹೊಟ್ಟೆ ಉರಿದುಕೊಂಡವರು ಯಾರಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆಗ ಪೀಣ್ಯದ ತುಂಬ ಗುಣಮಟ್ಟದ ಸರ್ಟಿಫಿಕೇಟಿನ ಜ್ವರ. ನಮ್ಮ ಮ್ಯಾನೇಜರು ಒಂದು ಟ್ರೇನಿಂಗಿಗೆ ಹೋಗಿ ಬಂದವರೇ ಸುಧಾರಣಾ ತಂಡ ಕಟ್ಟಿದರು. ಅದರ ಮೊದಲ ಬೇಟೆ ಈ ವ್ಯಾನು. ಗ್ಯಾರೇಜಿಗೆ ಕಳಿಸಬಹುದಲ್ಲಾ ಸಾರ್ ಎಂದದ್ದಕ್ಕೆ, ಇಷ್ಟು ಜನ ಇಂಜಿನಿಯರುಗಳನ್ನು ಇಟ್ಟುಕೊಂಡು ಗ್ಯಾರೇಜಿಗೆ ಕಳಿಸುವುದು ಮರ್ಯಾದೆಯಲ್ಲ ಎಂದರು.

ಗೋಡೆಯ ಮೇಲೆ ಮೀನಿನ ಮೂಳೆಯಂಥ ಚಿತ್ರ ಬರೆದು, ಒಂದೊಂದು ಮೂಳೆಗೆ ಒಂದೊಂದು ಕಾರಣ ನೇತುಹಾಕಿದೆವು. ಡಿಸೈನಿನವರು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನಲ್ಲಿ ಕಸ ಕೂತಿದೆ ಎಂದು ಅದನ್ನು ಬಿಚ್ಚಿ, ತೊಳೆದು, ಮತ್ತೆ ಕೂರಿಸಿದರು. ಸ್ಟೋರ್ಸಿನವರು ಪೆಟ್ರೋಲಿನಲ್ಲಿ ನೀರಿದೆ ಎಂದರು. ಪ್ರೊಡಕ್ಷನ್ನಿನವರಿಗೆ ಡಿಸೈನಿನವರ ಮೇಲೆ ನಂಬಿಕೆಯಿರಲಿಲ್ಲವಾದ್ದರಿಂದ ಅವರೂ ಒಮ್ಮೆ ಕಾರ್ಬೊರೇಟರ್ ಬಿಚ್ಚಿ ಕೂರಿಸಿದರು. ಪ್ರತಿ ಸುಧಾರಣೆಯ ನಂತರವೂ ವ್ಯಾನು ಇನ್ನಷ್ಟು ಹದಗೆಟ್ಟಿತು. ಕೊನೆಗೆ ಮೇಂಟೆನೆನ್ಸಿನವರು, ನಿಂತಾಗಿನ ಇಂಜಿನ್ ವೇಗ ಹೆಚ್ಚುಕಡಿಮೆ ಮಾಡುವ ಐಡ್ಲಿಂಗ್ ಸ್ಕ್ರೂವನ್ನು ತಿರುಗುವಷ್ಟು ತಿರುಗಿಸಿದರು. ಆಮೇಲೆ ವ್ಯಾನು ನಿಂತಲ್ಲೇ ಟ್ರ್ಯಾಕ್ಟರಿನಂತೆ ಅರಚತೊಡಗಿತು. ಸಮಸ್ಯೆ ಬಗೆಹರಿಯಿತು ಎಂದು ಮ್ಯಾನೇಜರು ಘೋಷಿಸಿ, ಎಲ್ಲರಿಗೂ ಮೈಸೂರುಪಾಕು ಹಂಚಿದರು. ಮೈಸೂರುಪಾಕು ಅರಗುವ ಮೊದಲೇ ಅದು ಮತ್ತೆ ನಿಲ್ಲತೊಡಗಿತು.

ಅಷ್ಟರಲ್ಲಿ ಆ ಸರ್ಟಿಫಿಕೇಟಿನ ಆಡಿಟಿನ ದಿನ ಬಂತು. ಹುಬ್ಬಳ್ಳಿಯಿಂದ ಬರುವ ಆಡಿಟರನ್ನು ಯಶವಂತಪುರ ಸ್ಟೇಷನ್ನಿನಿಂದ ಕರೆತರಬೇಕು, ದಾರಿಯಲ್ಲಿ ಅವರಿಗೆ ನಮ್ಮ ಕ್ವಾಲಿಟಿ ಮ್ಯಾನ್ಯುಯಲ್ ಓದಲು ಕೊಡಬೇಕು ಎಂದು ನನಗೆ ಅಪ್ಪಣೆಯಾಯಿತು. ಚಪ್ಪಲಿಯಲ್ಲಿ ಹೋದರೆ ಕಂಪನಿಯ ಮಾನ ಹೋಗುತ್ತದೆಂದು ಡ್ರೈವರಣ್ಣನಿಗೆ ಹೊಸ ಬೂಟು ತೊಡಿಸಿದರು.

ಆಡಿಟರು ಅರವತ್ತರ ಆಸುಪಾಸಿನವರು, ಹಣೆಯಲ್ಲಿ ವಿಭೂತಿ. ಹಿಂದಿನ ಸೀಟಿಗೆ ನಾವು ಹಾಸಿದ್ದ ಬಿಳಿ ಟವೆಲ್ಲನ್ನು ಕಣ್ಣೆತ್ತಿಯೂ ನೋಡದೆ ಮುಂದೆ ಹತ್ತಿ ಕೂತರು. ನಾನು ಹಿಂದೆ ಕೂತೆ. ಗೊರಗುಂಟೆಪಾಳ್ಯದಲ್ಲಿ ಲಾರಿಗಳ ಸಾಲು ನಿಂತಿತು. ಗಟ್ಟಿ ಬೂಟಿನಲ್ಲಿ ಎರಡು ಪೆಡಲ್ಲುಗಳ ವಿದ್ಯೆ ನಡೆಯಲಿಲ್ಲ. ವ್ಯಾನು ನಡುಗಿ, ನಿಂತಿತು. ಹಿಂದಿನವರು ಹಾರನ್ನಿನಲ್ಲೇ ನಮ್ಮ ವಂಶವನ್ನೆಲ್ಲ ವಿಚಾರಿಸಿಕೊಂಡರು. ಯಾರೋ ಪುಣ್ಯಾತ್ಮರು ತಳ್ಳಿ ಪಕ್ಕಕ್ಕೆ ನಿಲ್ಲಿಸಿದರು.

ಇದು ಎಷ್ಟು ದಿನದಿಂದ ಹೀಗೆ ಎಂದು ಆಡಿಟರು ಕೇಳಿದರು. ನಾನು ಕಲಿತ ಭಾಷೆಯಲ್ಲೇ ಉತ್ತರಿಸಿದೆ: “ಸಮಸ್ಯೆ ನಮ್ಮ ಗಮನದಲ್ಲಿದೆ ಸಾರ್. ಒಂದು ತಂಡ ಕೆಲಸ ಮಾಡ್ತಿದೆ.”

“ತಂಡ ಇರ್ಲಿ ಬಿಡವಾ,” ಎಂದರು, ಮಗಳಿಗೆ ಹೇಳುವಂತೆ. “ಮೊದ್ಲು ಈ ಮುಚ್ಚಳಾ ತಗೀರಿ.”

ಡ್ರೈವರಣ್ಣ ಇಂಜಿನ್ ಶುರುಮಾಡಿ, ಅದು ಸಾಯದಂತೆ ಕಾಲಲ್ಲಿ ಹಿಡಿದುಕೊಂಡ. ಆಡಿಟರು ಬಗ್ಗಿ ಕಿವಿಗೊಟ್ಟರು. ನನ್ನ ನೀರಿನ ಬಾಟಲಿ ಇಸಿದುಕೊಂಡು, ಕಾರ್ಬೊರೇಟರು ಇಂಜಿನ್ನಿನ ಮೇಲೆ ಕೂರುವ ಸಂದಿಗೆ ಸ್ವಲ್ಪ ಸ್ವಲ್ಪ ನೀರು ಬಿಟ್ಟರು. ಒಂದು ಕಡೆ ನೀರು ಬಿದ್ದು ಸಂದಿ ಮುಚ್ಚಿದ್ದೇ ನಡುಕ ನಿಂತಿತು. ನೀರು ಇಂಗಿದ ಮೇಲೆ ಮತ್ತೆ ನಡುಗಿತು.

“ಇಲ್ಲಿಂದ ಗಾಳಿ ಒಳಗ ಹೊಂಟದ,” ಎಂದರು. ಜೋರಾಗಿ ಓಡುವಾಗ ಇಷ್ಟು ಗಾಳಿ ಲೆಕ್ಕಕ್ಕಿಲ್ಲ, ಆದರೆ ನಿಂತಾಗ ಇಂಜಿನ್ನಿಗೆ ಹೋಗುವುದೇ ಒಂದು ಗುಟುಕು ಪೆಟ್ರೋಲು, ಅದಕ್ಕೆ ಇಷ್ಟೊಂದು ಗಾಳಿ ಬೆರೆತರೆ ಅದು ಪ್ರಾಣ ಬಿಡದೆ ಇನ್ನೇನು ಮಾಡೀತು ಎಂದು ವಿವರಿಸಿದರು. ಇಂಜಿನ್ ಆರಿಸಿ ಬಿಚ್ಚಿ ನೋಡಿದರೆ, ಕೆಳಗೆ ಸಂದಿ ಮುಚ್ಚುವ ಪ್ಯಾಕಿಂಗ್ ಹಾಳೆ ಅರ್ಧವೇ ಉಳಿದಿತ್ತು. ಮೊದಲೇ ಬಿರುಕು ಬಿಟ್ಟದ್ದನ್ನು ನಮ್ಮ ತಂಡ ಬಿಚ್ಚಿ ಬಿಚ್ಚಿ ಹರಿದಿತ್ತು. ಸೋರಿಕೆ ತಡೆಯುವ ಕಾರ್ಖಾನೆಯವರು ಹುಡುಕದೆ ಬಿಟ್ಟದ್ದು ಒಂದೇ, ಸೋರಿಕೆ.

ದಪ್ಪ ಕಾಗದ ಬೇಕು ಎಂದರು. ವ್ಯಾನಿನಲ್ಲಿದ್ದ ದಪ್ಪ ಕಾಗದವೆಂದರೆ ಮ್ಯಾನ್ಯುಯಲ್ಲಿನ ರಟ್ಟು. ನಾನು ನನ್ನ ಕೆಲಸವನ್ನೊಮ್ಮೆ ನೆನೆದೆ, ಮ್ಯಾನೇಜರ ಮುಖವನ್ನೊಮ್ಮೆ ನೆನೆದೆ, ಆಮೇಲೆ ಪರ್ರನೆ ಹರಿದುಕೊಟ್ಟೆ. ಅವರು ಅದನ್ನು ಬ್ಲೇಡಿನಲ್ಲಿ ಕತ್ತರಿಸಿ, ಎಣ್ಣೆ ಸವರಿ, ಕೂರಿಸಿ, ನಟ್ಟು ಬಿಗಿದು, ಆ ಬಡಪಾಯಿ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದರು. ಡ್ರೈವರಣ್ಣ ಮತ್ತೆ ಶುರುಮಾಡಿ, ಹೆದರುತ್ತಲೇ ಕಾಲು ತೆಗೆದ. ಇಂಜಿನ್ನು ಸಣ್ಣಗೆ ಗುನುಗುತ್ತಾ ಹಾಗೇ ಇತ್ತು. “ಅಯ್ಯೋ, ಇಂಗೂ ಇರತೈತಾ ಇದು,” ಎಂದ. ನಾನು ಮುಚ್ಚಳ ಮುಚ್ಚಿ, ತಗಡಿನ ಮೇಲೆ ಕೈಯಿಟ್ಟು ನೋಡಿದೆ. ಕಣ್ಣು ಯಾಕೋ ಒದ್ದೆಯಾಯಿತು. ಎರಡು ವರ್ಷದ ನೌಕರಿಯಲ್ಲಿ ಒಂದು ವಸ್ತು ಸರಿಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ವರದಿ ಬರ್ದು ಬರ್ದು ಸಾಕಾಗೇದವಾ. ಕೈ ಹೊಲಸ ಮಾಡ್ಕೊಂಡು ಭಾಳ ವರ್ಷ ಆಗಿತ್ತು,” ಎಂದು ಆಡಿಟರು ಬೆರಳುಗಳನ್ನು ನೋಡಿಕೊಂಡು ನಕ್ಕರು.

ಮ್ಯಾನೇಜರು ಗೇಟಿನಲ್ಲಿ ಹಾರ ಹಿಡಿದು ನಿಂತಿದ್ದರು. ರಟ್ಟಿಲ್ಲದ ಮ್ಯಾನ್ಯುಯಲ್ ನೋಡಿ ನನ್ನನ್ನು ದುರುಗುಟ್ಟಿ ನೋಡಿದರು. ಆಡಿಟರು ಮಸಿ ಹತ್ತಿದ ಕೈಯೆತ್ತಿ ಮುಗಿದು, ನಿಮ್ಮ ಮ್ಯಾನ್ಯುಯಲ್ಲಿನಿಂದ ದಾರಿಯಲ್ಲಿ ಭಾಳ ಉಪಯೋಗ ಆತು ಎಂದರು. ಆ ಮಾತನ್ನು ಮ್ಯಾನೇಜರು ರಿಟೈರಾಗುವ ತನಕ ಹೇಳಿಕೊಂಡು ತಿರುಗಿದರು.

ಸಂಜೆ ಬೀಳ್ಕೊಡಲು ನನ್ನ ಜೊತೆ ಮ್ಯಾನೇಜರೂ ಬಂದರು. ಆಡಿಟರು ಡ್ರೈವರಣ್ಣನ ಕೈಯಿಂದ ಕೀ ಇಸಿದುಕೊಂಡು ತಾವೇ ಓಡಿಸಿದರು. ಹಿಂದಿನ ಸೀಟಿನ ಬಿಳಿ ಟವೆಲ್ಲಿನ ಮೇಲೆ ಕೂತು ಮ್ಯಾನೇಜರು ಮೀನಿನ ಮೂಳೆಯ ಮಹಿಮೆಯನ್ನು ಯಶವಂತಪುರದವರೆಗೂ ವಿವರಿಸಿದರು. ಮುಂದೆ ಕೂತ ಆಡಿಟರೂ ಡ್ರೈವರಣ್ಣನೂ ಇಂಜಿನ್ನಿನ ಸದ್ದು ಕೇಳುತ್ತಿದ್ದರು.