ಕೊನೆಯ ಡಬ್ಬಿಯ ಕೊಂಡಿ

ನನ್ನ ಷಡ್ಡಕ, ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ, ರೋಲರ್ ಕೋಸ್ಟರ್ ಓಡಿಸುತ್ತೇನೆ ಎಂದು ಹೇಳಿದಾಗ ನಾನು ಚಹಾ ಕುಡಿಯುತ್ತಿದ್ದೆ. ನಗು ತಡೆಯಲಾಗದೆ ಚಹಾ ನೆತ್ತಿಗೇರಿತು. ಖಾನಾಪುರದಲ್ಲಿ ಕಬ್ಬು ಹೇರುವ ಟ್ರೇಲರ್ ಮಾಡುವ ಮನುಷ್ಯ ಅವನು. ಎರಡು ಟ್ರೇಲರನ್ನು ಒಂದರ ಹಿಂದೊಂದು ಟ್ರ್ಯಾಕ್ಟರಿಗೆ ಸಿಗಿಸುವುದು ಬಿಟ್ಟರೆ ಜೋಡಿಸುವ ವಿದ್ಯೆ ಬೇರೆ ಗೊತ್ತಿಲ್ಲ. ಊರ ಹೊರಗಿನ ತನ್ನ ಜಾಗದಲ್ಲಿ ಆಟದ ಪಾರ್ಕ್ ಮಾಡಿ, ಅದರಲ್ಲಿ ಐದು ಡಬ್ಬಿಯ ಸಣ್ಣದೊಂದು ಗಾಡಿ ಓಡಿಸುವ ಆಸೆ ಹುಟ್ಟಿತ್ತು. ಹಳಿಯನ್ನು ಹೊರಗಿನವರು ಬಂದು ಹಾಕಿಕೊಟ್ಟಿದ್ದರು. ಡಬ್ಬಿ ಮಾತ್ರ ತಾನೇ ಮಾಡುತ್ತೇನೆಂದು ಹಟ ಹಿಡಿದಿದ್ದ.

"ಇದ್ರಾಗೇನೈತ್ರಿ ಅಣ್ಣಾರ? ನಾವು ಕಬ್ಬಿನ ಗಾಡಿ ಜೋಡಸಂಗಿಲ್ಲೇನು? ಒಂದು ತೂತು, ಒಂದು ಪಿನ್ನು, ಆತು," ಅಂದ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಅರ್ಧ ಆಯುಷ್ಯ ಲೇತಿನ ಮುಂದೆ ನಿಂತವನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ವಾಪಸ್ ಬರುವ ಕೆಲಸ ನಮ್ಮದು. ತೂತು ಮತ್ತು ಪಿನ್ನಿನ ಈ ಮಂದಿಯನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ತೂತು ದೊಡ್ಡದಾಯಿತೇ, ದಪ್ಪ ಪಿನ್ನು ಹಾಕು. ಪಿನ್ನು ಸವೆಯಿತೇ, ಸುತ್ತ ವೆಲ್ಡಿಂಗ್ ಹಚ್ಚು. ಮೇಲೆ ಕೆಂಪು ಬಣ್ಣ ಬಳಿದು ಹಿಂದೆ ದೇವರ ಹೆಸರು ಬರೆಸಿದರೆ ಅವರ ಇಂಜಿನಿಯರಿಂಗ್ ಮುಗಿಯಿತು.

ಅವನಿಗೆ ತಿಳಿಸಿ ಹೇಳುವ ಸುಖವನ್ನು ನಾನೇಕೆ ಬಿಡಲಿ? ಕಬ್ಬಿನ ಗಾಡಿ ರಸ್ತೆಯ ಮೇಲೆ ಎಡಬಲ ತಿರುಗಿದರೆ ಸಾಕು. ಈ ಡಬ್ಬಿ ಎಡಬಲ ತಿರುಗಬೇಕು, ಏರಿನಲ್ಲಿ ಮೂತಿ ಎತ್ತಬೇಕು, ಇಳಿಜಾರಿನಲ್ಲಿ ಬಗ್ಗಬೇಕು. ಹಳಿ ವಾರೆಯಾದ ತಿರುವಿನಲ್ಲಂತೂ ಮುಂದಿನ ಡಬ್ಬಿ ಒಂದು ಮಗ್ಗುಲಿಗೆ ಹೊರಳಿದಾಗ ಹಿಂದಿನದು ಇನ್ನೂ ನೆಟ್ಟಗೇ ಇರುತ್ತದೆ. ಅಲ್ಲಿ ನೆಟ್ಟನೆಯ ಪಿನ್ನು ಬಿಗಿ ಹಿಡಿದು, ಒಂದೋ ಮುರಿಯುತ್ತದೆ, ಇಲ್ಲ ಗಾಲಿಯನ್ನೇ ಹಳಿಯಿಂದ ಎಬ್ಬಿಸುತ್ತದೆ. ಅಲ್ಲಿಗೆ ಬೇಕಾದದ್ದು ಗುಂಡಿನ ಕೀಲು. ನಮ್ಮ ಸೊಂಟದ ಕೀಲಿನ ಹಾಗೆ ಬಟ್ಟಲಿನೊಳಗೆ ಕೂತು ಎಲ್ಲ ಕಡೆಗೂ ಹೊರಳುವ ಉಕ್ಕಿನ ಗುಂಡು. ಅದರ ದಂಡಕ್ಕೊಂದು ನಟ್ಟು. ಓಡುವ ಅದುರಿಗೆ ನಟ್ಟು ಬಿಚ್ಚಿಕೊಳ್ಳಬಾರದೆಂದು ಅದರಲ್ಲಿ ಅಡ್ಡ ತೂರಿಸಿ, ಎರಡೂ ಕಾಲು ಅಗಲಿಸಿದ ಕಿರುಬೆರಳುದ್ದದ ಸ್ಪ್ಲಿಟ್ ಪಿನ್ನು.

ಗಾಲಿಯ ಪಾಠವನ್ನೂ ಮಾಡಿದೆ. ಹಳಿಯ ಮೇಲೊಂದು, ಬಾಜುವಿಗೊಂದು, ಕೆಳಗೊಂದು ಗಾಲಿ ಸೇರಿ ಹಳಿಯನ್ನು ಅವಚಿಕೊಂಡಿರಬೇಕು. ಮೊದಲ ಡಬ್ಬಿಗೆ ಮುಂದೂ ಹಿಂದೂ ಗಾಲಿ ಇರುತ್ತವೆ. ಉಳಿದವಕ್ಕೆ ಹಿಂದೆ ಮಾತ್ರ. ಅವುಗಳ ಮೂತಿ ಮುಂದಿನ ಡಬ್ಬಿಯ ಬೆನ್ನಿಗೆ ಕೊಂಡಿಯಲ್ಲಿ ಜೋತುಬಿದ್ದಿರುತ್ತದೆ. ಕೊಂಡಿ ಕಳಚಿದರೆ ಮೂತಿ ಹೋಗಿ ಹಳಿಗೆ ಬಡಿಯುತ್ತದೆ.

ಅವನು ಬಾಯಿ ತೆರೆದು ಕೇಳಿದ. ನಾಲ್ಕೂ ಕೊಂಡಿಯನ್ನು ನನಗೇ ಒಪ್ಪಿಸಿದ. ನಾನೇ ಕೊರೆದು, ನಾನೇ ಉಜ್ಜಿ, ಕೈಯಲ್ಲಿ ಹಿಡಿದರೆ ಬೆಣ್ಣೆಯ ಹಾಗೆ ಹೊರಳುವಂತೆ ಮಾಡಿಕೊಟ್ಟೆ. ಆದರೆ ಜೋಡಿಸುವ ದಿನ ಅವನು ಹುಟ್ಟುಗುಣ ಬಿಡಲಿಲ್ಲ. ಪ್ರತಿ ಕೊಂಡಿಯ ಕೆಳಗೂ ಒಂದೊಂದು ಸರಪಳಿ ತಂದು ಸಿಗಿಸಿದ.

"ಕಬ್ಬಿನ ಗಾಡಿಗೂ ಹಾಕತೇವ್ರಿ. ಪಿನ್ನು ಜಿಗದ್ರೂ ಗಾಡಿ ಬಿಟ್ಟು ಹೋಗಂಗಿಲ್ಲ."

"ಎಮ್ಮಿ ಕಟ್ಟಿದಂಗ ಕಾಣತೈತಿ ನೋಡು," ಅಂದೆ. ಅವನು ನಕ್ಕ. ಸರಪಳಿ ಮಾತ್ರ ತೆಗೆಯಲಿಲ್ಲ.

ದೀಪಾವಳಿ ಪಾಡ್ಯದ ಬೆಳಿಗ್ಗೆ ಪೂಜೆ. ಖಾಲಿ ಡಬ್ಬಿಗಳನ್ನು ಹಿಂದಿನ ದಿನ ಹತ್ತು ಸಲ ಓಡಿಸಿದ್ದೆವು. ಭಾರ ಹಾಕಿ ನೋಡಲು ಮರಳಿನ ಚೀಲ ಬರುವುದಿತ್ತು, ಬರಲಿಲ್ಲ. ಮುಹೂರ್ತ ಕಾಯುತ್ತದೆಯೇ? ಡಬ್ಬಿಗೊಬ್ಬರಂತೆ ಐದು ಮಂದಿ ಮುತ್ತೈದೆಯರನ್ನು ಕೂಡಿಸಿ ಮೊದಲ ಸುತ್ತು ಹೊಡೆಸುವುದೆಂದು ಅವನು ನಿಶ್ಚಯ ಮಾಡಿದ್ದ. ಇಂಥ ಬುದ್ಧಿ ಅವನಿಗಲ್ಲದೆ ಇನ್ಯಾರಿಗೆ ಬರಬೇಕು ಎಂದುಕೊಂಡೆ. ಬೇಡ ಎನ್ನಲಿಲ್ಲ. ಕೊಂಡಿ ನನ್ನದಾಗಿತ್ತಲ್ಲ. ನನ್ನ ಹೆಂಡತಿ ಕೊನೆಯ ಡಬ್ಬಿಯನ್ನು ಆರಿಸಿಕೊಂಡಳು. ಹಿಂದೆ ಕೂತರೆ ಎಲ್ಲ ಕಾಣುತ್ತದೆ ಎಂದಳು.

ಬಂದ ಬೀಗರ ಮುಂದೆ ಷಡ್ಡಕ, "ಅಣ್ಣಾರ, ಆ ಗುಂಡು ಹೆಂಗ ತಿರಗತೈತಿ ಮಂದಿಗೆ ಒಂದೀಟು ತೋರಸ್ರಿ," ಅಂದ. ಕೊನೆಯ ಕೊಂಡಿಯನ್ನು ಬಿಚ್ಚಿ, ಗುಂಡನ್ನು ಅಂಗೈಯಲ್ಲಿ ಹಿಡಿದು ತೋರಿಸಿದೆ. ಟ್ರೇಲರ್ ಮಾಡುವವರನ್ನು ಹೆಸರು ಹೇಳದೆ ಚೆನ್ನಾಗಿ ಜಾಡಿಸಿದೆ. ಬೀಗರು ನಕ್ಕರು, ಷಡ್ಡಕನೂ ನಕ್ಕ. ಅಷ್ಟರಲ್ಲಿ ಆರತಿಗೆ ಕರೆದರು. ಕೊಂಡಿ ಕೂಡಿಸಿ, ನಟ್ಟು ತಿರುವಿ, ಕೈ ಒರೆಸಿಕೊಂಡು ಹೋದೆ.

ಆರತಿಯಾದ ಮೇಲೆ ಹೆಂಗಸರು ಹತ್ತಬೇಕು ಎನ್ನುವಾಗ ನನ್ನ ಹೆಂಡತಿ ಸೆರಗು ಸಿಗಿಸಿ ನಿಂತಳು.

"ಗಾಡಿಗೆ ಮೊದಲ ಉಡಿ ತುಂಬೂಣು. ಉಡಿ ತುಂಬಿಸ್ಕೊಳ್ಳದ ಗಾಡಿ ನಾವು ಹತ್ತಂಗಿಲ್ಲ."

ಉಡಿಗೆ, ಎಂದರೆ ಮಡಿಲು ತುಂಬಲು, ಐದು ಹಿಡಿ ಅಕ್ಕಿ ಸಾಕು. ಅವಳು ಊಟಕ್ಕೆ ತಂದಿದ್ದ ಅಕ್ಕಿಯ ಚೀಲಗಳನ್ನೇ ಹೊರಿಸಿ, ಡಬ್ಬಿಗೊಂದರಂತೆ ಕೂಡಿಸಿ, ಬೆಲ್ಟು ಬಿಗಿಸಿ, ಮೇಲೆ ಕುಪ್ಪಸದ ಖಣ, ತೆಂಗಿನಕಾಯಿ ಇಟ್ಟಳು. ಐದು ಸುತ್ತು ಹೊಡೆಯಲಿ ಎಂದಳು. ನನಗೆ ನಾಚಿಕೆಯಾಯಿತು. ಗುಂಡಿನ ಕೀಲಿನ ಗಾಡಿಯಲ್ಲಿ ಅಕ್ಕಿ ಚೀಲದ ಮೆರವಣಿಗೆ! ಎರಡು ಸುತ್ತಾದ ಮೇಲೆ, "ಸಾಕು, ಇಳಸ್ರಿ ಚೀಲಾ," ಎಂದು ಕೂಗಿದೆ.

"ಐದಂದ್ರ ಐದು," ಅಂದಳು.

ನಾಲ್ಕನೆಯ ಸುತ್ತಿನಲ್ಲಿ, ವಾರೆಯಾದ ತಿರುವಿನಲ್ಲಿ, ಕೊನೆಯ ಡಬ್ಬಿ ಕಳಚಿತು. ಮೂತಿ ಹಳಿಗೆ ಬಡಿದು ಕಿಡಿ ಹಾರಿತು. ಸರಪಳಿ ಸೆಟೆದು ಹಿಡಿಯಿತು. ಮುಂದಿನ ನಾಲ್ಕು ಡಬ್ಬಿಗಳು ಅದನ್ನು ದರದರ ಎಳೆದುಕೊಂಡೇ ಕೆಳಗೆ ಬಂದು ನಿಂತವು. ಚೀಲ ಹರಿದು ಹಳಿಯುದ್ದಕ್ಕೂ ಅಕ್ಕಿ ಸುರಿದಿತ್ತು. ನನ್ನ ನಾದಿನಿ ಅಕ್ಕನನ್ನು ತಬ್ಬಿಕೊಂಡು ಅಳತೊಡಗಿದಳು.

ನಾನು ಕೊಂಡಿಯ ಹತ್ತಿರ ಹೋಗಿ ಕೂಡ ನೋಡಲಿಲ್ಲ. ನೋಡುವುದೇನಿದೆ?

"ನಿನ್ನ ಸರಪಳಿ ಅಡ್ಡ ಜಗ್ಗಿ ನನ್ನ ಕೊಂಡಿ ಕಿತ್ತೈತಿ! ಎಮ್ಮಿ ಕಟ್ಟೂ ಮಂದಿಗೆ ಇಂಥಾ ಕೆಲಸ ಯಾಕ ಬೇಕೋ?" ಎಂದು ಎಲ್ಲರೆದುರು ಬೈದೆ.

ಅವನು ಕೈ ಮುಗಿದು ನಿಂತ. "ತಪ್ಪಾತ್ರಿ ಅಣ್ಣಾರ. ನಿಮ್ಮಷ್ಟು ನನಗೆಲ್ಲಿ ತಿಳೀತೈತ್ರಿ," ಅಂದ. ಸೋತವನ ಮುಖ ನೋಡಿ ನನಗೆ ಒಳಗೊಳಗೆ ಖುಷಿಯೇ ಆಯಿತು. ಸುಳ್ಳೇಕೆ ಹೇಳಲಿ?

ಸಂಜೆ ಬೆಳಗಾವಿಗೆ, ಹಿಂದವಾಡಿಯ ನಮ್ಮ ಮನೆಗೆ ಬಂದೆವು. ಅಂಗಿ ಬಿಚ್ಚಿ ಹಾಕಿ ಪೇಪರ್ ಹಿಡಿದು ಕೂತೆ. ಹೆಂಡತಿ ಒಗೆಯಲು ಹಾಕುವ ಮುಂಚೆ ಕಿಸೆ ತಡವಿದಳು. ಬಂದು ಪೇಪರಿನ ಮೇಲೆ ಏನನ್ನೋ ಇಟ್ಟಳು. ಸ್ಪ್ಲಿಟ್ ಪಿನ್ನು. ಬಿಚ್ಚುವಾಗ ನೆಟ್ಟಗೆ ಮಾಡಿದ ಅದರ ಕಾಲುಗಳು ನೆಟ್ಟಗೇ ಇದ್ದವು.

"ಏನ್ರಿ ಇದು?"

ಅವಳಿಗೆ ಕೊಂಡಿಯ ವಿದ್ಯೆ ಗೊತ್ತಿಲ್ಲ. ನನ್ನ ಮುಖ ಓದುವುದು ಗೊತ್ತು. ಎದುರಿಗೆ ಕೂತಳು.

"ನೀವಿಬ್ರೂ ಜಗಳಾಡ್ಕೋತ ಮಾಡಿದ ಗಾಡಿ ಅದು. ನನಗ ಬೆಳಿಗ್ಗಿನಿಂದ ನಂಬಿಗಿ ಇದ್ದಿಲ್ಲ. ಅದಕ್ಕ ಉಡಿ ಅಂದೆ," ಅಂದಳು. ಪಿನ್ನನ್ನು ಬೆರಳಲ್ಲಿ ಹೊರಳಿಸಿ, "ಹಿಂದಿನ ಡಬ್ಬ್ಯಾಗ ನಾ ಕುಂದರೂದಿತ್ತು," ಅಂದಳು.

ಬೈಯಲಿಲ್ಲ. ನನ್ನ ಫೋನನ್ನು ತಂದು ಪಿನ್ನಿನ ಬಾಜು ಇಟ್ಟಳು. ನನಗೆ ನನ್ನ ಮೇಲೆಯೇ ಹೇಸಿಗೆ ಬಂತು. ಷಡ್ಡಕನಿಗೆ ಫೋನ್ ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಶುರು ಮಾಡಿದ.

"ನಾನ ಫೋನ್ ಮಾಡಾವಿದ್ದೆ ನೋಡ್ರಿ ಅಣ್ಣಾರ. ನೀವು ಅಂದದ್ದು ಖರೇ ಐತಿ. ನಾಲ್ಕೂ ಸರಪಳಿ ಬಿಚ್ಚಿ ಒಗದೇನ್ರಿ. ಮೂತಿ ಬಡದು ನೆಟ್ಟಗ ಮಾಡಿ, ಬಿದ್ದ ನಟ್ಟು ಹುಡುಕಿ ಕೊಂಡಿ ಕೂಡಿಸಿಟ್ಟೇನಿ. ನಾಳೆ ಓಣ್ಯಾನ ಹುಡುಗರನ್ನ ಕುಂದರಸ್ತೇನಿ."

ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

"ಯಾರನ್ನೂ ಕುಂದರಸಬ್ಯಾಡೋ ತಮ್ಮಾ," ಅಂದೆ. "ನಾಲ್ಕೂ ಸರಪಳಿ ಮೊದಲ ಹಾಕು. ಪಿನ್ನು ನನ್ನ ಕಿಸೇದಾಗ ಉಳದೈತಿ."