ಜೇಬಣ್ಣನ ತೊಳೆಯದ ನಾಣ್ಯಗಳು

ಬೆಳಕು ಹರಿಯುವ ಹೊತ್ತು. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಹಂಡೆಯ ನೀರು ಕಾದಿದೆ. ಬಟ್ಟೆಯ ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತವರು ಒಂದೊಂದೇ ಪ್ಯಾಂಟು ಎತ್ತಿ, ಜೇಬನ್ನು ನಾಲಿಗೆಯಂತೆ ಹೊರಗೆಳೆಯುತ್ತಾರೆ. ಬಸ್ ಟಿಕೆಟು, ಗುಂಡಿ, ಹಲ್ಲುಕಡ್ಡಿ. ನಾಣ್ಯ ಸಿಕ್ಕರೆ ಮಾತ್ರ ಕಿಟಕಿಗೆ ಹಿಡಿದು ಕಣ್ಣು ಕಿರಿದಾಗಿಸಿ ಇಸವಿಯ ಕೆಳಗೆ ನೋಡುತ್ತಾರೆ. ಅಲ್ಲಿ ಚುಕ್ಕಿಯೋ ನಕ್ಷತ್ರವೋ ಇದ್ದರೆ ಯಾವ ಟಂಕಸಾಲೆಯದೆಂದು ತಿಳಿಯುತ್ತದೆ. ಬೀದಿಯವರು ಇವರನ್ನು ಜೇಬಣ್ಣ ಎಂದೇ ಕರೆಯುವುದು.

ಸಿಕ್ಕಿದ್ದು ಜೇಬಿನವರಿಗೇ ವಾಪಸ್ಸು. ತಮಗೆ ಬೇಕಾದ ನಾಣ್ಯವಾದರೆ ಕೇಳಿ, ಬೇರೆಯದು ಕೊಟ್ಟು ಬದಲಾಯಿಸಿಕೊಳ್ಳುತ್ತಾರೆ. "ಕೇಳದೆ ತಗೊಂಡ್ರೆ ಅದು ಹವ್ಯಾಸ ಅಲ್ಲ, ಕಳ್ತನ."

ಓದಿದ್ದು ನಾಲ್ಕನೇ ಕ್ಲಾಸು. ಅಪ್ಪ ತೀರಿಕೊಂಡ ಮೇಲೆ ಕೈಗೆ ಬಂದದ್ದು ಒಗೆಯುವ ಕಲ್ಲು, ಇಸ್ತ್ರಿಪೆಟ್ಟಿಗೆ, ಸೋಡಾ ನೀರಿಗೆ ಬಿರಿದ ಬೆರಳು. ದಿನಕ್ಕೆ ನೂರರ ಮೇಲೆ ಬಟ್ಟೆ. ಯಾರದೋ ಷರ್ಟಿನಲ್ಲಿ ಘೇಂಡಾಮೃಗದ ಚಿತ್ರದ ನಾಲ್ಕಾಣೆ ಸಿಕ್ಕಿದ್ದೇ ನೆಪ, ನಾಣ್ಯ ಕೂಡಿಡುವ ಹುಚ್ಚು ಹಿಡಿಯಿತು.

ಹೋದ ವರ್ಷ ಊರಿನ ನಾಣ್ಯ ಸಂಗ್ರಹಕಾರರ ಕೂಟದ ಪ್ರದರ್ಶನದಲ್ಲಿ ತಮ್ಮ ನಾಣ್ಯ ಇಡಲು ಒಂದು ಮೇಜು ಕೇಳಲು ಹೋದರು. ಆಲ್ಬಮ್ಮಿನ ತುಂಬ ಕನ್ನಡಿಯಂತೆ ಹೊಳೆಯುವ ನಾಣ್ಯ. ಹೊಳೆದದ್ದೇ ತಪ್ಪಾಯಿತು. ಕೂಟದ ಯಜಮಾನರು ಒಂದನ್ನು ತಿರುಗಿಸಿ ನೋಡಿ, "ಇವನ್ನ ತೊಳೆದಿದ್ದೀರಾ, ಜೇಬಣ್ಣ?" ಎಂದರು. ತೊಳೆಯದೆ ಇರುತ್ತಾರೆಯೇ? ಉಪ್ಪು, ನಿಂಬೆಹುಳಿ ಹಚ್ಚಿ ಬ್ರಷ್ಷಿನಲ್ಲಿ ಉಜ್ಜಿದ್ದರು. ಕಾಲ ಕಟ್ಟಿದ ಬಣ್ಣ ಹೋಗಿ ಮೈಯೆಲ್ಲ ಗೀರು. ಅಂಥದ್ದಕ್ಕೆ ಅಲ್ಲಿ ಜಾಗವಿಲ್ಲ.

"ಹುಟ್ಟಿದಾಗಿಂದ ಕಲೆ ತೆಗಿಯೋದೇ ಕಲ್ತಿದ್ದು. ಕಲೆ ಉಳಿಸ್ಕೊಳ್ಳಿ ಅಂತ ಯಾರೂ ಹೇಳಿರ್ಲಿಲ್ಲ" ಎಂದು ಜೇಬಣ್ಣ ನಗುತ್ತಾರೆ.

ಇಸ್ತ್ರಿ ಮಾಡುತ್ತಲೇ ಹೆಂಡತಿ ಮಾತು ಸೇರಿಸುತ್ತಾರೆ: "ಒಂದು ವಾರ ಇವ್ರಿಗೆ ಊಟ ಸೇರ್ಲಿಲ್ಲ. ನಾನೇ ಅಂದೆ, ಜನ ಪ್ಯಾಂಟು ಹಾಕೋದು ಬಿಟ್ಟಿಲ್ವಲ್ಲ, ಮತ್ತೆ ಶುರು ಮಾಡಿ ಅಂತ."

ಶುರು ಮಾಡಿದರು. ಹೊಳೆಯುವವು ಡಬ್ಬಿ ಸೇರಿದವು. ಈಗ ಸಿಕ್ಕ ನಾಣ್ಯ ನೇರವಾಗಿ ಕಾಗದದ ಪೊಟ್ಟಣಕ್ಕೆ, ಪೊಟ್ಟಣ ಹೆಂಡತಿಯ ಕೈಗೆ. ಉಜ್ಜಿ ರೂಢಿಯಾದ ತಮ್ಮ ಕೈಯ ಮೇಲೆ ತಮಗೇ ನಂಬಿಕೆ ಇಲ್ಲ.

ಕಳೆದ ವಾರ ಪಕ್ಕದ ಬೀದಿಯ ನರ್ಸಮ್ಮ, ತೀರಿಹೋದ ತಮ್ಮ ಅಪ್ಪನ ಕೋಟು ಒಗೆಯಲು ತಂದರು. ಅದರ ಒಳ ಅಸ್ತರಿಗೆ ಜಾರಿತ್ತು ಇಪ್ಪತ್ತು ಪೈಸೆ. ತಾವರೆ ಚಿತ್ರದ ಹಳದಿ ನಾಣ್ಯ, ಹಂಡೆಯ ತಳದಂತೆ ಕಪ್ಪಿಟ್ಟಿದೆ.

"ಅಮ್ಮಾ, ಇದಕ್ಕೆ ಹೊಸಾ ಇಪ್ಪತ್ತು ರೂಪಾಯಿ ನಾಣ್ಯ ಕೊಡ್ಲಾ? ಬೆಲೆ ಇನ್ನೂ ಜಾಸ್ತಿ ಇದ್ರೂ ಇರ್ಬಹುದು. ಬೇಕಾದ್ರೆ ವಿಚಾರಿಸಿ ನೋಡಿ."

"ಏನೂ ಬೇಡ, ನಿಮ್ಮ ಹತ್ರನೇ ಇರ್ಲಿ. ಅಪ್ಪನ ಬೆರಳು ಆಡಿದ ನಾಣ್ಯ, ಉಜ್ಜಬೇಡಿ ಅಷ್ಟೇ."

ಮೊನ್ನೆ ಯಜಮಾನರು ತಮ್ಮ ಷರ್ಟು ಒಯ್ಯಲು ಬಂದವರು ಹೊಸ ಆಲ್ಬಮ್ ಕೇಳಿ ನೋಡಿದರು. ತೆಳ್ಳಗಿದೆ, ಎರಡೇ ಹಾಳೆ ತುಂಬಿದೆ. ಕಪ್ಪು ತಾವರೆಯ ಹತ್ತಿರ ಅವರ ಬೆರಳು ನಿಂತಿತು. "ಭಾನುವಾರ ಬನ್ನಿ. ಬಾಗಿಲ ಪಕ್ಕದ ಮೇಜು ನಿಮ್ದು" ಎಂದು ಹೋದರು.

ಭಾನುವಾರಕ್ಕೆ ಬಿಳಿ ಅಂಗಿ ಈಗಲೇ ಇಸ್ತ್ರಿಯಾಗಿ ಗೂಟದಲ್ಲಿದೆ. ಇನ್ನೇನು ಆಸೆ ಎಂದು ಕೇಳಿದರೆ ಜೇಬಣ್ಣ ಮುಂದಿನ ಪ್ಯಾಂಟಿನ ಜೇಬು ಹೊರಗೆಳೆಯುತ್ತಲೇ ಹೇಳುತ್ತಾರೆ:

"ಯಾರಾದ್ರೂ ಬಂದು, ಇದೇನಪ್ಪ, ಬಟ್ಟೆ ಒಗಿಯೋನ ನಾಣ್ಯ ಇಷ್ಟೊಂದು ಕೊಳಕು ಅನ್ಬೇಕು. ಆಗ ಹೇಳ್ತೀನಿ, ಹೌದು ಸ್ವಾಮಿ, ನಾನು ಕೈ ಹಚ್ಚಿಲ್ಲ."