ನಾಗರತ್ನಾ ಟೀಚರ್ ಆರಿಸಿಕೊಂಡ ಹವಾಮಾನ ಯಂತ್ರ

ಒಳ್ಳೆಯವರ ಬಗ್ಗೆ ಬರೆಯಲು ಕೂತರೆ ನನಗೆ ಸಿಟ್ಟು ಬರುತ್ತದೆ. ಕೆಟ್ಟವರಾದರೆ ನಾಲ್ಕು ಮಾತು ಬೈದು ಕೈತೊಳೆದುಕೊಳ್ಳಬಹುದು. ನಾಗರತ್ನಾ ಟೀಚರ್ ಒಳ್ಳೆಯವರು, ಆದ್ದರಿಂದ ಪೂರ್ತಿ ಹೇಳಬೇಕಾಗಿದೆ.

ಶಹಾಬಾದಿನ ಹೈಸ್ಕೂಲಿನಲ್ಲಿ ಅವರು ಭೂಗೋಳ ಕಲಿಸಿದರು, ನಾನು ಗಣಿತ ಕಲಿಸಿದೆ. ಈಗ ಇಬ್ಬರೂ ನಿವೃತ್ತರು. ವಾಡಿ ರಸ್ತೆಯ ಬಡಾವಣೆಯಲ್ಲಿ ನಮ್ಮದು ಎದುರುಬದುರು ಮನೆ. ಅವರು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಗಾಳಿ ಇವತ್ತು ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ಹೇಳಿ ಕಳಿಸುತ್ತಿದ್ದರು. ಒಮ್ಮೆ ಹಾಗೆ ಹೇಳಿಸಿಕೊಂಡವರು ಎರಡನೇ ಸಲ ಕೇಳುತ್ತಿರಲಿಲ್ಲ.

ಗಾಳಿಯ ದಿಕ್ಕು ಅವರಿಗೆ ಖಚಿತವಾಗಿ ಗೊತ್ತಿರುತ್ತಿತ್ತು. ಮಾಳಿಗೆಯ ಮೇಲೆ ಕಬ್ಬಿಣದ ಕಂಬ, ಅದರ ತುದಿಯಲ್ಲಿ ಗಾಳಿಗೆ ತಿರುಗುವ ಪುಟ್ಟ ಬಟ್ಟಲುಗಳು, ಪಕ್ಕದಲ್ಲಿ ಮಳೆ ಅಳೆಯುವ ಡಬ್ಬಿ. ಕೆಳಗೆ ನಡುಮನೆಯ ಗೋಡೆಯ ಮೇಲೆ ಒಂದು ಪರದೆ. ಬಿಸಿಲೆಷ್ಟು, ಗಾಳಿಯಲ್ಲಿ ತೇವ ಎಷ್ಟು, ಮಳೆ ಎಷ್ಟು ಎಂದು ಅದು ತೋರಿಸುತ್ತಿತ್ತು. ಅದನ್ನು ನೋಡಿ ಟೀಚರ್ ಪ್ರತಿದಿನ ಬೆಳಗ್ಗೆ ಬಡಾವಣೆಯ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕುತ್ತಿದ್ದರು. ಹಪ್ಪಳ ಒಣಗಿಸುವ ಹೆಂಗಸರು, ಪೆಂಡಾಲ್ ಹಾಕುವವರು, ತೊಗರಿ ರಾಶಿ ಮಾಡುವವರು, ಎಲ್ಲರೂ ಅದನ್ನು ನೋಡಿಯೇ ದಿನ ಶುರು ಮಾಡುತ್ತಿದ್ದರು. ಟಿ.ವಿ.ಯವರು ಕಲಬುರಗಿಗೆ ಹೇಳುತ್ತಾರೆ, ನಮ್ಮ ಟೀಚರ್ ನಮ್ಮ ಓಣಿಗೆ ಹೇಳುತ್ತಾರೆ ಎಂಬುದು ನಮ್ಮ ಹೆಮ್ಮೆ.

ತಕರಾರು ಶುರುವಾದದ್ದು ಮಂಜಿನಿಂದ. ಬಡಾವಣೆಯ ಹಿಂದೆ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಒಂದು ಕಾರ್ಖಾನೆ ಇದೆ. ಅದರ ಕಡೆಯಿಂದ ಬೆಳಗಿನ ಹೊತ್ತು ಬೆಳ್ಳಗೆ ಮುಸುಕು ಏಳುತ್ತದೆ. ಅದನ್ನು ನಾವೆಲ್ಲ ಮಂಜು ಎನ್ನುತ್ತಿದ್ದೆವು. ವಾಕಿಂಗ್ ಹೋಗುವವರು ಆಹಾ ಏನು ತಂಪು ಎನ್ನುತ್ತಿದ್ದರು, ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುತ್ತಿದ್ದರು. ಟೀಚರ್ ಕೂಡ ಸಂದೇಶದಲ್ಲಿ 'ಮುಂಜಾನೆ ಮಂಜು' ಎಂದೇ ಬರೆಯುತ್ತಿದ್ದರು. ಆದರೆ ಆ ವರ್ಷ ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟತೊಡಗಿದ ಮೇಲೂ ಮಂಜು ಹೋಗಲಿಲ್ಲ. ಪರದೆ ನೋಡಿದರೆ ಗಾಳಿಯಲ್ಲಿ ತೇವವೇ ಇಲ್ಲ. ತೇವವಿಲ್ಲದೆ ಮಂಜು ಕಟ್ಟುವುದಿಲ್ಲ ಎಂದು ಜೀವಮಾನವೆಲ್ಲ ಮಕ್ಕಳಿಗೆ ಕಲಿಸಿದವರು ಅವರು.

"ಸರ್, ಮಷೀನು ಕೆಟ್ಟದ್ರಿ. ಹೊಸದು ತರಬೇಕು" ಎಂದರು ನನಗೆ.

ಮಷೀನಿನ ಮೇಲೆ ಅನುಮಾನ ಬಂತೇ ಹೊರತು ಮಂಜಿನ ಮೇಲೆ ಬರಲಿಲ್ಲ. ಇಡೀ ಬಡಾವಣೆ ಕಣ್ಣಾರೆ ಕಂಡ ಮಂಜು ಸುಳ್ಳಾಗುವುದು ಹೇಗೆ? ಕೊನೆಗೆ ನಾನೇ ಆ ತೇವದ ಯಂತ್ರವನ್ನು ಬಿಚ್ಚಿ ತಂದು ಅವರ ಬಚ್ಚಲುಮನೆಯಲ್ಲಿ ಒದ್ದೆ ಟವೆಲ್ಲಿನ ಪಕ್ಕ ತೂಗುಹಾಕಿದೆ. ಅಂಕಿ ಸರಸರನೆ ಏರಿತು. ಹೊರಗೆ ತಂದರೆ ಮತ್ತೆ ಇಳಿಯಿತು. ಯಂತ್ರ ಸರಿಯಾಗಿಯೇ ಇತ್ತು. ಟೀಚರ್ ಮಾಳಿಗೆ ಹತ್ತಿ ಆ ಬೆಳ್ಳನೆಯ ಮುಸುಕನ್ನು ಬಹಳ ಹೊತ್ತು ನೋಡಿದರು. ಕಂಬದ ಮೇಲೆ ಬೆರಳಾಡಿಸಿ ಬೆರಳನ್ನು ನನಗೆ ತೋರಿಸಿದರು. ಬೆರಳ ತುದಿ ಹಿಟ್ಟು ಮೆತ್ತಿದಂತೆ ಬಿಳಿಯಾಗಿತ್ತು.

"ಇಷ್ಟು ವರ್ಷ ಧೂಳಿಗಿ ಮಂಜು ಅಂತ ಬರದೀನ್ರಿ ಸರ್" ಎಂದರು.

ಇಲ್ಲಿ ಮಾಣಿಕಪ್ಪನ ವಿಷಯ ಹೇಳಬೇಕು. ಆ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಯಂತ್ರದ ಮೇಲೆ ನಿಲ್ಲುವವನು ಮಾಣಿಕಪ್ಪ. ರವಿವಾರ ರಜೆಯಿದ್ದಾಗ ಟೀಚರ ಮನೆಯ ಸಣ್ಣಪುಟ್ಟ ಕೆಲಸ ಮಾಡಿಕೊಡುತ್ತಿದ್ದ. ನಲವತ್ತು ದಾಟಿದ್ದನಷ್ಟೆ, ಆದರೆ ಮಾಳಿಗೆಯ ಮೆಟ್ಟಿಲು ಹತ್ತುವಾಗ ನಡುವೆ ಕೂತು ಸುಧಾರಿಸಿಕೊಳ್ಳುತ್ತಿದ್ದ. ಕೆಮ್ಮಿದರೆ ಎದೆಯಲ್ಲಿ ಜರಡಿ ಆಡಿಸಿದಂತೆ ಕೇಳುತ್ತಿತ್ತು. ಡಾಕ್ಟರು ಟಿ.ಬಿ. ಎಂದು ಗುಳಿಗೆ ಕೊಟ್ಟರು, ನುಂಗಿದ. ವಾಸಿಯಾಗಲಿಲ್ಲ, ಮತ್ತೆ ಕೊಟ್ಟರು, ಮತ್ತೆ ನುಂಗಿದ. ನೀನು ಉಸಿರಾಡುವ ಗಾಳಿಯಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ಕಲ್ಲಿನ ಮೇಲೆ ನೀರು ಬಿಡುತ್ತಾ ಕೊಯ್ದರೆ ಧೂಳು ಏಳುವುದಿಲ್ಲ. ಮೊದಲು ಹಾಗೆಯೇ ಮಾಡುತ್ತಿದ್ದರು. ಬೋರವೆಲ್ ಬತ್ತಿದ ಮೇಲೆ ಟ್ಯಾಂಕರ್ ನೀರು ತರಿಸುವುದು ಯಾಕೆ ಎಂದು ಒಣಗಲ್ಲನ್ನೇ ಕೊಯ್ಯತೊಡಗಿದರು.

ಟೀಚರಿಗೆ ಈಗ ಹೊಸ ಯಂತ್ರ ನಿಜವಾಗಿಯೂ ಬೇಕಾಯಿತು. ಧೂಳನ್ನು ಅಳೆಯುವಂಥದ್ದು. ದಿನದಿನದ ಅಂಕಿ ಕೈಯಲ್ಲಿದ್ದರೆ ಡಾಕ್ಟರ ಮುಂದೆ ಇಡಬಹುದು, ಕಾರ್ಖಾನೆಯವರನ್ನು ನೀರು ಬಿಡಿರಿ ಎಂದು ಕೇಳಬಹುದು, ಮಾಣಿಕಪ್ಪನ ಎದೆಯಲ್ಲಿ ಉಳಿದಿರುವಷ್ಟನ್ನು ಉಳಿಸಬಹುದು. ಇದು ಅವರ ಲೆಕ್ಕ. ಗಣಿತದ ಮೇಷ್ಟರಾದ ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಹುಡುಕಾಟ ಶುರುವಾಯಿತು. ನಮ್ಮ ಸುತ್ತಲ ತಾಲೂಕುಗಳಲ್ಲಿ ಮಾಳಿಗೆಯ ಮೇಲೆ ಇಂಥ ಯಂತ್ರ ಇಟ್ಟುಕೊಂಡ ಹುಚ್ಚರದೇ ಒಂದು ಗುಂಪಿದೆ. ಟೀಚರ್ ಅಲ್ಲಿ ಸಲಹೆ ಕೇಳಿದರು. ಸೇಡಂನ ರೇವಣಪ್ಪ, ತೊಗರಿ ವ್ಯಾಪಾರಿ, ಮಳೆ ಡಬ್ಬಿಯ ಬಾಯಿ ದೊಡ್ಡದಿರಲಿ ಸಾಕು, ಉಳಿದದ್ದೆಲ್ಲ ಶೋಕಿ ಎಂದು ಬರೆದ. ಚಿತ್ತಾಪುರದ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಬಣ್ಣದ ಪರದೆಯದ್ದೇ ತಗೊಳ್ಳಿ, ಬಂದವರಿಗೆ ತೋರಿಸಲು ಚಂದ ಎಂದರು. ಚಿಂಚೋಳಿಯ ಗುಲಾಮ್ ರಸೂಲ್ ಚಂದ್ರಂಪಳ್ಳಿಯ ಕಾಡಂಚಿನಲ್ಲಿರುವವನು. ತಿರುಗುವ ಬಟ್ಟಲಿನ ಯಂತ್ರ ಬೇಡ, ಮಂಗಗಳು ಕಿತ್ತು ಟೋಪಿ ಮಾಡಿಕೊಳ್ಳುತ್ತವೆ ಎಂದ. ಧೂಳಿನ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಸುತ್ತ ಎಲ್ಲಿ ನೋಡಿದರೂ ಸುಣ್ಣಗಲ್ಲು, ಎಲ್ಲಿ ನೋಡಿದರೂ ಗಣಿ. ಆದರೂ ನಮ್ಮ ಹವಾಮಾನ ಪಂಡಿತರಿಗೆ ಧೂಳು ಹವಾಮಾನದಲ್ಲಿ ಬರುವುದಿಲ್ಲ.

ನಾವಿಬ್ಬರೂ ಫೋನು ಹಿಡಿದು ದಿನಗಟ್ಟಲೆ ತೂಗಿ ನೋಡಿದೆವು. ಕೊನೆಗೆ ಒಂದು ಸಿಕ್ಕಿತು. ತಿರುಗುವ ಬಟ್ಟಲಿಲ್ಲ, ಬಿಸಿಲಿನಿಂದಲೇ ನಡೆಯುತ್ತದೆ, ಧೂಳು ಎಣಿಸುವ ಪುಟ್ಟ ಪೆಟ್ಟಿಗೆಯನ್ನು ಅದಕ್ಕೆ ಜೋಡಿಸಬಹುದು. ಟೀಚರ್ ಅದರ ಚಿತ್ರವನ್ನು ಹುಡುಗಿಯರು ಸೀರೆ ನೋಡುವಂತೆ ದೊಡ್ಡದು ಮಾಡಿ ಮಾಡಿ ನೋಡಿದರು. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಷ್ಟರಲ್ಲಿ ಮಹೇಶಕುಮಾರ ಬಂದ. ಅವನು ಆ ಫರಸಿ ಕಾರ್ಖಾನೆಯ ಮಾಲೀಕ, ಬಡಾವಣೆಯ ಸಂಘದ ಅಧ್ಯಕ್ಷ, ಮೇಲಾಗಿ ಟೀಚರ ಶಿಷ್ಯ. ಹಣೆತುಂಬ ವಿಭೂತಿ. ಬಂದವನೇ ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ಟೀಚರ್, ನೀವು ಹೊಸ ಮಷೀನ್ ನೋಡಾಕತ್ತೀರಿ ಅಂತ ಕೇಳೀನ್ರಿ. ನೀವ್ಯಾಕ ತರ್ತೀರಿ? ಸಂಘದಿಂದ ಸನ್ಮಾನ ಮಾಡಿ ನಾವ ಕೊಡ್ತೀವ್ರಿ. ಯಾವುದು ಬೇಕು ಹೇಳ್ರಿ."

ಟೀಚರ್ ತೋರಿಸಿದರು. ಧೂಳಿನ ಪೆಟ್ಟಿಗೆಯನ್ನೂ ತೋರಿಸಿದರು. ಅದು ಯಾಕೆ ಬೇಕು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು.

"ಮಹೇಶ, ನೀನು ಕಲ್ಲಿಗಿ ನೀರು ಬಿಡಸು. ಅಂಕಿ ತಾನಾ ಇಳೀತದ. ನಿನಗೂ ಛಲೋ, ಆ ಮಾಣಿಕಪ್ಪಗೂ ಛಲೋ."

ಮಹೇಶಕುಮಾರ ಮುಖ ಗಂಟಿಕ್ಕಲಿಲ್ಲ. ಸಿಟ್ಟಾಗಿದ್ದರೆ ಬಡಿದಾಡಬಹುದಿತ್ತು. ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಪ್ರಸಾದ ನೋಡುವಂತೆ ನೋಡಿದ.

"ಭಾಳ ಛಲೋ ಅದ್ರಿ ಟೀಚರ್. ಆದ್ರ ಈ ಪೆಟಗಿ ಫಾರಿನ್ನಿನಾಗ ನಡೀತದ್ರಿ. ನಮ್ಮ ಕಡಿ ಭಾಳ ಧೂಳದಲ್ರಿ, ಬಂದ್ ಬೀಳ್ತದ."

ನನಗೆ ನಗು ತಡೆಯಲಾಗಲಿಲ್ಲ. ನಕ್ಕವನು ನಾನೊಬ್ಬನೇ. ಅವನು ಗಂಭೀರವಾಗಿಯೇ ಚಹಾ ಕುಡಿದು, ಮತ್ತೊಮ್ಮೆ ಕಾಲು ಮುಟ್ಟಿ, ನೀವು ಹೇಳಿದ್ದು ವಿಚಾರ ಮಾಡ್ತೀನ್ರಿ ಎಂದು ಹೋದ. ಟೀಚರ್ ಮಾತ್ರ ಅಲುಗಲಿಲ್ಲ. ಸಂಘ ಕೊಡದಿದ್ದರೆ ಆ ಪೆಟ್ಟಿಗೆ ನಾನೇ ತರುತ್ತೇನೆ ಎಂದರು. ನನಗೆ ಎದೆಯುಬ್ಬಿತು. ಈ ಊರಲ್ಲಿ ಒಬ್ಬರಾದರೂ ಬೆನ್ನುಮೂಳೆ ಇರುವವರು ಇದ್ದಾರೆ ಎಂದುಕೊಂಡೆ.

ಮುಂದಿನ ರವಿವಾರ ಮಾಣಿಕಪ್ಪ ಬಂದ. ಕೆಲಸಕ್ಕೆ ಬಂದವನಂತೆ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಟೀಚರ್ ಖುರ್ಚಿ ತೋರಿಸಿ ಕುಂದ್ರು ಎಂದರೂ ಕೂರದೆ ಬಾಗಿಲ ಹತ್ತಿರವೇ ನಿಂತ.

"ಟೀಚರ್, ಆ ಧೂಳಿನ ಮಷೀನ್ ಕೂಡಸಬ್ಯಾಡ್ರಿ."

"ಮಹೇಶ ಕಳಸ್ಯಾನೇನು?"

"ಕಳಸಿಲ್ರಿ. ಹೇಳ್ಯಾರ ಅಷ್ಟ. ಅಂಕಿ ಹೊರಗ ಬಂತಂದ್ರ ಆಫೀಸರು ಬರ್ತಾರ, ಕಲ್ಲು ಕೊಯ್ಯೋ ಮಷೀನ್ ಬಂದ್ ಮಾಡಸ್ತಾರ ಅಂತ ಹೇಳ್ಯಾರ. ನನಗ ಬ್ಯಾರೆ ಕೆಲಸ ಯಾರು ಕೊಡ್ತಾರ್ರಿ? ಅರ್ಧ ತಾಸು ನಿಂತರ ದಮ್ಮು ಬರ್ತದ. ಅಲ್ಲಿ ಹಳಬ ಅಂತ ಇಟಗೊಂಡಾರ."

"ಅದು ನಿನ್ನ ಸಲುವಾಗೇ ತರಾಕತ್ತೀನಿ ಮಾಣಿಕಪ್ಪ."

"ಗೊತ್ತದ್ರಿ. ಅದಕ್ಕ ನಾನಾ ಬಂದೀನಿ." ಅವನು ಸ್ವಲ್ಪ ಕೆಮ್ಮಿದ, ನಿಂತು ಉಸಿರು ತೆಗೆದುಕೊಂಡ. "ಅಂಕಿ ಬಂದ್ರ ಕೆಲಸ ಹೋಗ್ತದ್ರಿ. ಕೆಮ್ಮು ಹೋಗಂಗಿಲ್ಲ."

ಅವನು ಹೋದ ಮೇಲೆ ನಾನು ಸುಮ್ಮನಿರಲಿಲ್ಲ. ಇದೆಲ್ಲ ಮಹೇಶಕುಮಾರನ ಆಟ, ಬಡವನನ್ನು ಮುಂದೆ ಬಿಟ್ಟು ಹಿಂದೆ ನಿಂತಿದ್ದಾನೆ, ನೀವು ಬಗ್ಗಬೇಡಿ ಎಂದು ಕೂಗಾಡಿದೆ. ಟೀಚರ್ ಎಲ್ಲ ಕೇಳಿಸಿಕೊಂಡರು.

"ಸರ್, ನನಗ ಪೆನ್ಶನ್ ಬರ್ತದ್ರಿ. ನಿಮಗೂ ಬರ್ತದ. ನಾವು ಧೈರ್ಯ ಮಾಡಿದ್ರ ನಮ್ಮದೇನು ಹೋಗ್ತದ ಹೇಳ್ರಿ? ಹೋಗೋದು ಅವನದು."

ಆ ಲೆಕ್ಕದಲ್ಲಿ ತಪ್ಪು ಇವತ್ತಿಗೂ ನನಗೆ ಸಿಕ್ಕಿಲ್ಲ, ಅದಕ್ಕೇ ಸಿಟ್ಟು. ಮರುದಿನ ಅವರು ಮಹೇಶಕುಮಾರನಿಗೆ ಫೋನು ಮಾಡಿ, ಪೆಟ್ಟಿಗೆ ಬೇಡ, ಬರೀ ಯಂತ್ರ ಸಾಕು ಎಂದರು. ನೀರು ಬಿಡಿಸುವ ಮಾತನ್ನು ಮತ್ತೆ ನೆನಪಿಸಿದರು. ಆಗಲಿ ಎಂದನಂತೆ. ಅವನ ಬಾಯಲ್ಲಿ ಇಲ್ಲ ಎಂಬ ಮಾತು ಹುಟ್ಟಿಯೇ ಇಲ್ಲ.

ಬಸವ ಜಯಂತಿಯ ದಿನ ಸನ್ಮಾನ ಆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಬಣ್ಣದ ಕಾಗದ ಸುತ್ತಿದ ಯಂತ್ರ. ನಮ್ಮ ಟೀಚರ್ ನಮಗೆ ಗಾಳಿ ಬೆಳಕು ಅಂದರೆ ಏನೆಂದು ಕಲಿಸಿದರು ಎಂದು ಮಹೇಶಕುಮಾರ ಭಾಷಣ ಮಾಡಿದ, ಕಾಯಕದ ಮಹಿಮೆ ಹೇಳಿದ, ಕಣ್ಣಲ್ಲಿ ನೀರನ್ನೂ ತಂದುಕೊಂಡ. ಕಲ್ಲಿಗೆ ಬಿಡಲು ಇಲ್ಲದ ನೀರು ಕಣ್ಣಿಗೆ ಎಲ್ಲಿಂದ ಬಂತೋ. ಟೀಚರ್ ಮಾತಾಡಲು ಎದ್ದು, ಎಲ್ಲರಿಗೂ ಶರಣು ಎಂದು ಕೈ ಮುಗಿದು ಕೂತುಬಿಟ್ಟರು. ಜನ ಅದನ್ನು ವಿನಯ ಅಂದುಕೊಂಡು ಚಪ್ಪಾಳೆ ತಟ್ಟಿದರು.

ಯಂತ್ರ ಕೂಡಿಸಲು ಮಹೇಶಕುಮಾರ ಕಳಿಸಿದ್ದು ಯಾರನ್ನು? ಮಾಣಿಕಪ್ಪನನ್ನು. ಅವನು ಮೆಟ್ಟಿಲ ಮೇಲೆ ಕೂರುತ್ತ ಏಳುತ್ತ ಮೇಲೆ ಹೋದ. ಕಂಬದ ಬುಡಕ್ಕೆ ಫರಸಿ ಚೂರು ಕೊಟ್ಟು, ಗಾರೆ ಮೆತ್ತಿ, ಒಂದಿಷ್ಟೂ ವಾಲದಂತೆ ನಿಲ್ಲಿಸಿದ. ಎಂಥಾ ಗಾಳಿ ಬಂದ್ರೂ ಅಲುಗಂಗಿಲ್ರಿ ಟೀಚರ್ ಎಂದು ಸಂತೋಷದಿಂದ ಹೇಳಿದ. ಅವನಿಗೆ ಟೀಚರ ಬಗ್ಗೆ ಋಣದ ಭಾವ. ಟೀಚರಿಗೆ ಅವನ ಮುಖ ನೋಡಲು ಆಗದು. ನೋಡುತ್ತ ನಿಂತ ನನಗೆ ಮೂವರ ಮೇಲೂ ಕೋಪ. ಮೂರನೆಯವನು ಅಲ್ಲಿ ಇರಲಿಲ್ಲ, ಆರಾಮಾಗಿ ಮನೆಯಲ್ಲಿದ್ದ.

ಯಂತ್ರ ಮಾತ್ರ ಅಪ್ಪಟ ಚಿನ್ನ. ಆ ಮಳೆಗಾಲದ ಒಂದು ಹನಿಯೂ ಅದರ ಲೆಕ್ಕ ತಪ್ಪಲಿಲ್ಲ. ಸೇಡಂನಿಂದ ರೇವಣಪ್ಪ ನೋಡಲು ಬಂದು, ಇಂಥದ್ದೇ ನಾನೂ ತರ್ತೀನಿ ಎಂದು ಹೊಟ್ಟೆ ಉರಿದುಕೊಂಡು ಹೋದ. ಬಡಾವಣೆಯ ಹೆಂಗಸರ ಹಪ್ಪಳ ಒಂದೂ ನೆನೆಯಲಿಲ್ಲ. ಟೀಚರ್ ಸಂದೇಶ ಹಾಕುತ್ತಲೇ ಇದ್ದರು. ಮಂಜು ಎಂಬ ಪದ ಬಿಟ್ಟರು, ಧೂಳು ಎಂಬ ಪದ ಬರೆಯಲಿಲ್ಲ. ಕಲ್ಲಿಗೆ ನೀರು ಬೀಳಲಿಲ್ಲ.

ದಸರೆ ಮುಗಿದು ಚಳಿ ಬೀಳುವ ಹೊತ್ತಿಗೆ ಮಾಣಿಕಪ್ಪ ಸತ್ತ. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತದೆಂದು ಕೊನೆಯ ದಿನಗಳಲ್ಲಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದನಂತೆ. ಸಾವಿನ ಕಾಗದದಲ್ಲಿ ಟಿ.ಬಿ. ಎಂದು ಬರೆದರು. ಬುದ್ಧ ವಂದನೆ ಹೇಳಿ ಮಣ್ಣು ಮಾಡಿದರು. ಸರ್ಕಲ್ಲಿನಲ್ಲಿ ಮಹೇಶಕುಮಾರನ ಬ್ಯಾನರ್ ಎದ್ದಿತು. ನಿಷ್ಠಾವಂತ ಕಾಯಕಜೀವಿಗೆ ಭಾವಪೂರ್ಣ ಶ್ರದ್ಧಾಂಜಲಿ. ಮಾಣಿಕಪ್ಪನ ಫೋಟೊ ಸಣ್ಣದು, ಅವನದು ದೊಡ್ಡದು.

ಟೀಚರ್ ಅಳಲಿಲ್ಲ. ಮಣ್ಣಿನಿಂದ ಬಂದವರೇ ಸ್ನಾನ ಮಾಡಿ, ನನ್ನನ್ನು ಕರೆಸಿ, ಆ ಧೂಳಿನ ಪೆಟ್ಟಿಗೆಯನ್ನು ಫೋನಿನಲ್ಲಿ ಬುಕ್ ಮಾಡಿಸಿದರು. "ಈಗ ಯಾರ ಕೆಲಸಾನೂ ಹೋಗಂಗಿಲ್ಲಲ್ರಿ ಸರ್" ಎಂದರು. ಅಷ್ಟು ಕಹಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇನ್ನು ಬಿಡುವುದಿಲ್ಲ, ಅಂಕಿ ಸಮೇತ ಎಲ್ಲ ಕಡೆ ಕಳಿಸೋಣ, ಬರಲಿ ಆಫೀಸರು ಎಂದು ನಾನೂ ತೋಳೇರಿಸಿದೆ.

ಪೆಟ್ಟಿಗೆ ಬಂದ ದಿನ ನಾನು ಸ್ಕ್ರೂಡ್ರೈವರ್ ಹಿಡಿದೇ ಹೋಗಿದ್ದೆ. ಮೇಜಿನ ಮೇಲಿಟ್ಟು ರಟ್ಟು ಬಿಚ್ಚುತ್ತಿದ್ದಾಗ ಯಂಕಮ್ಮ ಬಂದಳು, ಮಾಣಿಕಪ್ಪನ ಹೆಂಡತಿ. ಗಂಡ ಸತ್ತ ಮೇಲೆ ಈ ಕಡೆ ಬಂದದ್ದು ಅದೇ ಮೊದಲು. ತಲೆಗೆ ಸುತ್ತಿದ ಬಟ್ಟೆ, ಹುಬ್ಬು, ಕಣ್ಣಿನ ರೆಪ್ಪೆ ಎಲ್ಲ ಬಿಳಿ.

"ಟೀಚರ್, ನಿಮಗ ಹೇಳಿ ಹೋಗೋಣಂತ ಬಂದೀನ್ರಿ. ಸಾವಕಾರ್ರು ಅವರ ಜಾಗಾ ನನಗ ಕೊಟ್ಟಾರ. ಸೋಮಾರದಿಂದ ಹೋಗಾಕತ್ತೀನಿ. ನಮ್ಮ ಮಗಳು ಮೈತ್ರಿ ಕಾಲೇಜ್ ಬಿಡೋದು ತಪ್ಪಿತು."

ಟೀಚರ್ ಅವಳ ಹುಬ್ಬಿನ ಮೇಲಿನ ಬಿಳಿಯನ್ನು ನೋಡಿದರು.

"ಬಾಯಿಗಿ ಬಟ್ಟಿ ಕಟ್ಟಗೋತಿ ಇಲ್ಲೋ ಯಂಕಮ್ಮ?"

"ಕಟ್ಟಗೋತೀನ್ರಿ. ಮಧ್ಯಾಹ್ನ ಬಿಸಲಿಗಿ ಉಸಿರು ಕಟ್ಟತದ, ಆಗ ತಗೀತೀನಿ." ಅವಳ ಕಣ್ಣು ಮೇಜಿನ ಮೇಲೆ ಹೋಯಿತು. "ಇದೇನ್ರಿ ಟೀಚರ್, ಹೊಸದು?"

"ಏನಿಲ್ಲವ್ವ. ಮನೀ ಸಾಮಾನು" ಎಂದರು ಟೀಚರ್. ಬಿಚ್ಚಿದ ರಟ್ಟನ್ನು ಮತ್ತೆ ಮುಚ್ಚಿ, ಪೆಟ್ಟಿಗೆಯನ್ನು ಎತ್ತಿ ಮಂಚದ ಕೆಳಗೆ ಸರಿಸಿದರು. ಯಂಕಮ್ಮನಿಗೆ ಚಹಾ ಇಡಲು ಒಳಗೆ ಹೋದರು.

ನಾನು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಎದ್ದೆ. ಚಹಾ ಕುಡಿದು ಹೋಗ್ರಿ ಸರ್ ಎಂದು ಟೀಚರ್ ಎಂದಿನಂತೆ ಒಳಗಿನಿಂದ ಕರೆಯಲಿಲ್ಲ.